ಆಟಕ್ಕೆ ಹರಕೆಯವರಿದ್ದಾರೆ, ಕಲಿಕೆಗೆ ಯಾರು?

ಕಾಸರಗೋಡಿನಲ್ಲಿ ಯಕ್ಷಗಾನ ಆಟ ಆಡಿಸುವವರಿಗೆ ಬರವಿಲ್ಲ. ಮಗು ಹುಟ್ಟಿತು, ಮಗನಿಗೆ ಕೆಲಸ ಸಿಕ್ಕಿತು, ಕಾಯಿಲೆ ವಾಸಿಯಾಯಿತು ಎಂದು ಹರಕೆ ಹೊತ್ತು ಮೇಳ ಕರೆಸುವ ಮನೆಗಳು ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಈಗಲೂ ಬೇಕಾದಷ್ಟಿವೆ. ಮೇಳಕ್ಕೆ ಕೊಡುವ ವೀಳ್ಯ, ರಂಗಸ್ಥಳ, ಊಟ ಎಲ್ಲವನ್ನೂ ಒಂದು ಮನೆಯವರೋ ಊರ ಹತ್ತು ಸಮಸ್ತರೋ ಹೊತ್ತುಕೊಳ್ಳುತ್ತಾರೆ. ಆದರೆ ಆ ರಾತ್ರಿ ಚೆಂಡೆ ಬಾರಿಸಿದ ಹುಡುಗ ಎಲ್ಲಿ ಕಲಿತ, ಕಲಿಸಿದವರಿಗೆ ಯಾರು ಏನು ಕೊಟ್ಟರು ಎಂದು ಕೇಳಿ ನೋಡಿ. ಹೆಚ್ಚಿನ ಕಡೆ ಉತ್ತರ ಸಿಗುವುದಿಲ್ಲ.

ಹಿಂದೆ ಮೇಳವೇ ಶಾಲೆಯಾಗಿತ್ತು. ಮೀಸೆ ಚಿಗುರದ ಹುಡುಗ ಮೇಳಕ್ಕೆ ಸೇರಿ, ವೇಷ ಕಟ್ಟುವ ಚೌಕಿಯಲ್ಲಿ ಹಿರಿಯರ ಪೆಟ್ಟಿಗೆ ಹೊತ್ತು, ಕೋಡಂಗಿ ಕುಣಿದು, ಬಾಲಗೋಪಾಲನಾಗಿ, ಸ್ತ್ರೀವೇಷಕ್ಕೆ ಏರಿ, ನೋಡಿ ನೋಡಿಯೇ ಕಲಿಯುತ್ತಿದ್ದ. ಈಗ ಮಕ್ಕಳು ಪ್ಲಸ್ ಟು ಮುಗಿಸಬೇಕು, ಟ್ಯೂಷನ್‌ಗೆ ಹೋಗಬೇಕು. ಅವರಿಗೆ ಸಿಗುವುದು ಶನಿವಾರ ಮಧ್ಯಾಹ್ನ, ಭಾನುವಾರ ಬೆಳಗ್ಗೆ. ಗುರುಗಳು ಬಸ್ ಹಿಡಿದು ಬಂದು ಕಲಿಸಿ ಹೋಗಬೇಕು. ನಮ್ಮ ಪುಟ್ಟ ಕಲಾಸಂಘದಲ್ಲಿ ವರ್ಷಗಳ ಕಾಲ ಹಾಗೆಯೇ ನಡೆಯಿತು. ಪೋಷಕರಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪ ಒಟ್ಟು ಮಾಡಿ ಕವರಿನಲ್ಲಿ ಹಾಕಿ ಗುರುಗಳ ಕೈಗೆ ಕೊಡುತ್ತಿದ್ದೆವು. ಕೊಡಲಾಗದ ಮನೆಯ ಮಕ್ಕಳು ಏನೂ ಹೇಳದೆ ಬರುವುದು ನಿಲ್ಲಿಸುತ್ತಿದ್ದರು. ಸಂಘದ ಕಾರ್ಯದರ್ಶಿಯಾಗಿ ನನ್ನನ್ನು ಕಾಡಿದ್ದು ಇದೇ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಸೀಮೆಯಲ್ಲಿ ಒಂದು ಮಗು ಫೀಸು ಕೊಡಲಾಗದ ಕಾರಣಕ್ಕೆ ಗೆಜ್ಜೆ ಬಿಚ್ಚಿಡುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ.

ನಗರಸಭೆಯಲ್ಲಿ ಇದಕ್ಕೆ ಹಣವಿರಬಹುದು ಎಂದು ಹೇಳಿದ್ದು ನಮ್ಮ ವಾರ್ಡಿನ ಕೌನ್ಸಿಲರ್. ರಸ್ತೆ, ಚರಂಡಿ, ಬೀದಿದೀಪ ಬಿಟ್ಟರೆ ನಗರಸಭೆಗೆ ಬೇರೆ ಏನು ಕೆಲಸ ಎಂದುಕೊಂಡಿದ್ದವರೇ ನಮ್ಮಲ್ಲಿ ಹೆಚ್ಚು. ಆದರೆ ಸಂವಿಧಾನದ 74ನೇ ತಿದ್ದುಪಡಿಯಲ್ಲಿ ಸೇರಿದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯಪ್ರಜ್ಞೆಯ ಬೆಳವಣಿಗೆ ಅದರಲ್ಲಿ ಒಂದು. ಪಂಚಾಯತುಗಳ 11ನೇ ಅನುಸೂಚಿಯ 29 ವಿಷಯಗಳಲ್ಲೂ ಸಾಂಸ್ಕೃತಿಕ ಚಟುವಟಿಕೆ ಇದೆ. ಕೇರಳದ ನಗರಸಭೆಗಳಲ್ಲಂತೂ ವಿದ್ಯಾಭ್ಯಾಸ, ಕಲೆ, ಕ್ರೀಡೆಗೆಂದೇ ಒಂದು ಸ್ಥಾಯಿ ಸಮಿತಿ ಇರುತ್ತದೆ. ಅಂದರೆ ನಾವು ಕೇಳಲು ಹೊರಟದ್ದು ಯಾರ ಔದಾರ್ಯವನ್ನೂ ಅಲ್ಲ.

ಕೌನ್ಸಿಲರ್ ಹೇಳಿದ ಇನ್ನೊಂದು ಮಾತು ಇಡೀ ದಾರಿಯಲ್ಲಿ ನಮ್ಮ ಕೈ ಹಿಡಿಯಿತು. "ಅಕ್ಕ, ಸಂಘಕ್ಕೆ ದುಡ್ಡು ಕೊಡಿ ಅಂತ ಬರೀಬೇಡಿ. ಅದು ಆಗುವ ಕೆಲಸ ಅಲ್ಲ. ವಾರ್ಡಿನ ಮಕ್ಕಳಿಗೆ ಯಕ್ಷಗಾನ ಕಲಿಸುವ ಯೋಜನೆ ನಗರಸಭೆಯೇ ಮಾಡಬೇಕು ಅಂತ ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿ. ನಿಮ್ಮ ಪೋಷಕರೆಲ್ಲ ಬರಲಿ."

ಕೇರಳದಲ್ಲಿ 1996ರಲ್ಲಿ ಜನಕೀಯ ಆಸೂತ್ರಣ, ಅಂದರೆ ಜನರೇ ಸೇರಿ ಯೋಜನೆ ಮಾಡುವ ಕ್ರಮ, ಶುರುವಾದಂದಿನಿಂದ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೆ ಬರುತ್ತದೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬ ಮಾತು ವಾರ್ಡ್ ಸಭೆಯಲ್ಲೋ ಗ್ರಾಮಸಭೆಯಲ್ಲೋ ಮೊದಲು ಏಳಬೇಕು. ಆಮೇಲೆ ವರ್ಕಿಂಗ್ ಗ್ರೂಪ್, ವಿಕಸನ (ಅಭಿವೃದ್ಧಿ) ಸೆಮಿನಾರ್, ಕೌನ್ಸಿಲ್, ಕೊನೆಗೆ ಜಿಲ್ಲಾ ಯೋಜನಾ ಸಮಿತಿ. ಎಲ್ಲವೂ ಮುಂದಿನ ಏಪ್ರಿಲ್‌ನಿಂದ ಶುರುವಾಗುವ ವರ್ಷಕ್ಕೆ. ನಮ್ಮ ಹೆಚ್ಚಿನ ಕನ್ನಡ ಸಂಘಗಳು ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ವಾರ್ಷಿಕೋತ್ಸವ ಹತ್ತಿರ ಬಂದಾಗ ಮನವಿಪತ್ರ ಹಿಡಿದು ಹೋಗುತ್ತೇವೆ. ಆ ಹೊತ್ತಿಗೆ ಆ ವರ್ಷದ ಹಣದ ಲೆಕ್ಕ ಬರೆದು ಮುಗಿದಿರುತ್ತದೆ. ವಾರ್ಡ್ ಸಭೆಗೆ ಮಾತ್ರ ನಮ್ಮವರು ಹೋಗುವುದಿಲ್ಲ. ಅಲ್ಲಿ ಎಲ್ಲ ಮಲಯಾಳದಲ್ಲಿ ನಡೆಯುತ್ತದೆ, ನಮಗೇನು ಕೆಲಸ ಎನ್ನುತ್ತಾರೆ.

ನಾವು ಹೋದೆವು. ಅಂಗನವಾಡಿಯ ಪಕ್ಕದ ಹಾಲ್‌ನಲ್ಲಿ ಸಭೆ. ಮನೆ ರಿಪೇರಿ, ಕೋಳಿಮರಿ, ತೆಂಗಿಗೆ ಗೊಬ್ಬರ, ಕುಡಿಯುವ ನೀರು ಹೀಗೆ ಒಂದೊಂದಾಗಿ ವಿಷಯ ಬಂತು. ನನ್ನ ಸರದಿ ಬಂದಾಗ ಕನ್ನಡದಲ್ಲೇ ಮಾತಾಡಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲಿ ಪಡೆಯಬಹುದು. ಬರೆದ ಬೇಡಿಕೆಯನ್ನು ಎರಡೂ ಭಾಷೆಯಲ್ಲಿ ಕೊಟ್ಟೆವು. ಹಕ್ಕು ಇದ್ದದ್ದು ಸರಿ, ಆದರೆ ಸುಲೇಖ ಎಂಬ ತಂತ್ರಾಂಶಕ್ಕೆ ಯೋಜನೆಯನ್ನು ಏರಿಸಬೇಕಾದ ಕ್ಲಾರ್ಕಿಗೆ ಅರ್ಥವಾಗಬೇಕಲ್ಲ.

ಸಭೆಯಲ್ಲಿ ಒಬ್ಬರು ಎದ್ದು, ಇದು ದೇವಸ್ಥಾನದ ಕಾರ್ಯಕ್ರಮವಲ್ಲವೇ, ಸರಕಾರದ ಹಣ ಹೇಗೆ ಕೊಡುತ್ತೀರಿ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಹರಕೆ ಆಟಕ್ಕೆ ಸಾರ್ವಜನಿಕ ಹಣ ಬರಬಾರದು ಎಂಬುದು ನನ್ನ ಅಭಿಪ್ರಾಯವೂ ಹೌದು, ಅದಕ್ಕೆ ಭಕ್ತರಿದ್ದಾರೆ. ಆದರೆ ಯಕ್ಷಗಾನ ಕೇರಳ ಶಾಲಾ ಕಲೋತ್ಸವದ ಸ್ಪರ್ಧಾ ವಿಷಯ. ಇಲ್ಲಿನ ಮಕ್ಕಳು ಜಿಲ್ಲೆ ಗೆದ್ದು ರಾಜ್ಯ ಮಟ್ಟಕ್ಕೆ ಹೋಗುತ್ತಾರೆ. ಅದಕ್ಕೆ ತರಬೇತಿ, ವೇಷಭೂಷಣ, ಹಾಡು-ವಾದ್ಯದ ಹಿಮ್ಮೇಳ ಎಂದು ದೊಡ್ಡ ಖರ್ಚಿದೆ. ಹಣವಿದ್ದ ಶಾಲೆಯ ಮಕ್ಕಳಿಗಷ್ಟೇ ಅದು ಕೈಗೆಟಕುತ್ತದೆ. ಇದನ್ನು ಹೇಳಿದ ಮೇಲೆ ಅದೇ ವ್ಯಕ್ತಿ, ತರಗತಿ ಸರಕಾರಿ ಶಾಲೆಯಲ್ಲಿ ನಡೆಯಲಿ, ಯಾರ ಮಕ್ಕಳು ಬೇಕಾದರೂ ಸೇರುವಂತಿರಲಿ ಎಂದರು. ಆ ಷರತ್ತನ್ನು ನಾವು ಸಂತೋಷದಿಂದ ಬರೆದುಕೊಂಡೆವು. ನಡಾವಳಿ ಪುಸ್ತಕದಲ್ಲಿ ಆ ಸಾಲು ಏರಿದ್ದನ್ನು ನೋಡಿಯೇ ಹಾಲ್‌ನಿಂದ ಹೊರಟದ್ದು.

ಮುಂದಿನದು ವರ್ಕಿಂಗ್ ಗ್ರೂಪ್. ಶಿಕ್ಷಣ, ಕಲೆ, ಸಂಸ್ಕೃತಿ, ಕ್ರೀಡೆ ಎಲ್ಲಕ್ಕೂ ಸೇರಿ ಒಂದು ಗುಂಪು. ಅಲ್ಲಿ ಕಲೆಯ ಬಗ್ಗೆ ಮಾತಾಡುವವರು ಬಹಳ ಇರುವುದಿಲ್ಲ. ಮಾತೆಲ್ಲ ಶಾಲೆಯ ಶೌಚಾಲಯ, ಬೆಂಚು, ಆಟದ ಮೈದಾನದ ಕಡೆಗೆ ಹೋಗುತ್ತದೆ. ಅವೂ ಬೇಕಾದವೇ. ಅದರ ನಡುವೆ ಕುಳಿತು ಯೋಜನೆಯ ಕರಡು ಬರೆಯಬೇಕಾಯಿತು. ಉದ್ದೇಶವೇನು, ಫಲಾನುಭವಿಗಳು ಯಾರು, ಎಷ್ಟು ಮಕ್ಕಳು, ಯಾವ ಲೆಕ್ಕದಲ್ಲಿ ಎಷ್ಟು ಖರ್ಚು, ಮುಗಿದಾಗ ಏನು ಫಲ. "ಕಲೆಯನ್ನು ಉಳಿಸಿ ಬೆಳೆಸಲು" ಎಂದು ಬರೆದದ್ದನ್ನು ಹೊಡೆದುಹಾಕಿಸಿದರು. ಮಕ್ಕಳಿಗೆ ವರ್ಷದ ಕೊನೆಗೆ ಏನು ಬರಬೇಕು, ಅದನ್ನು ಬರೆಯಿರಿ ಎಂದರು. ನಾನು ಗುರುಗಳ ಹತ್ತಿರ ಹೋಗಿ ಕೇಳಿದೆ. ಅವರು ಬೆರಳು ಮಡಚಿ ಹೇಳಿದರು: ಏಕ, ರೂಪಕ, ತ್ರಿವುಡೆ, ಝಂಪೆ ತಾಳ ಕೈಯಲ್ಲಿ ಹಾಕಲು ಬರಬೇಕು, ಹೆಜ್ಜೆ ಮಟ್ಟಸವಾಗಿ ಬೀಳಬೇಕು, ಒಂದು ತೆರೆ ಕುಣಿತ, ಒಂದು ಪ್ರಯಾಣ ಕುಣಿತ, ಪ್ರಸಂಗಕ್ಕೆ ಮೊದಲು ಬರುವ ಪೂರ್ವರಂಗದ ಬಾಲಗೋಪಾಲ, ಹಾರಿ ಸುತ್ತುವ ದಿಗಿಣ ಮಾತ್ರ ಮಂಡಿ ಗಟ್ಟಿಯಾದ ಮೇಲೆ. ಅದನ್ನೇ ಬರೆದೆವು. ಒಂದು ಸರಕಾರಿ ಕಡತದಲ್ಲಿ ತ್ರಿವುಡೆ, ಝಂಪೆ ಎಂದು ಬರೆದಿರುವುದನ್ನು ನೋಡಿದಾಗ ನನಗಾದ ಸಂತೋಷ ಸಣ್ಣದಲ್ಲ.

ಆ ವಿಭಾಗದ ಕ್ಲಾರ್ಕ್ ತೆಂಕಣ ಕೇರಳದವರು. ಯಕ್ಷಗಾನ ನೋಡಿಯೇ ಇರಲಿಲ್ಲ, ಆದರೆ ಚೆಂಡೆ ಅಂದೊಡನೆ ಮುಖ ಅರಳಿತು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನ ಚೆಂಡೆಯೂ ಕಥಕಳಿಯ ಚೆಂಡೆಯೂ ಒಂದೇ ವಾದ್ಯ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ನಾವು ಮುಖದ ಮೇಲಿಡುವ ಚುಟ್ಟಿ, ಅಲ್ಲಿನ ವೇಷಗಳ ಚುಟ್ಟಿ ಎಂದು ಮಾತು ಬೆಳೆದು, ಅವರು ಬಡ್ಡಿಯಿಲ್ಲದ ಸಾಲ ಕೊಟ್ಟವರ ಹಾಗೆ ತಮ್ಮ ಸಮಯ ಕೊಟ್ಟರು. ಯಾವ ಖರ್ಚು ಯಾವ ತಲೆಬರಹದಲ್ಲಿ ಬರಬೇಕೆಂದು ತಿದ್ದಿಕೊಟ್ಟವರು ಅವರೇ. ಕೇರಳದಲ್ಲಿ ಯೋಜನಾ ಹಣದ ಕನಿಷ್ಠ ಶೇಕಡಾ 10ನ್ನು ಮಹಿಳಾ ಘಟಕಕ್ಕೆ ಮೀಸಲಿಡಬೇಕು ಎಂಬ ನಿಯಮವಿದೆ. ನಮ್ಮ ಪಟ್ಟಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚಿದ್ದದ್ದನ್ನು ಕಂಡು, ಹುಡುಗಿಯರ ಚೆಂಡೆ-ಮದ್ದಳೆ ತರಗತಿಯನ್ನು ಬೇರೆ ಯೋಜನೆಯಾಗಿ ಆ ಘಟಕದಲ್ಲಿ ಬರೆಯಬಹುದು ಎಂದು ಸೂಚಿಸಿದರು. ಒಂದು ಕಾಲಕ್ಕೆ ಚೌಕಿಯೊಳಗೆ ಹೆಣ್ಣಿಗೆ ಜಾಗವಿರಲಿಲ್ಲ. ಈಗ ನಮ್ಮಲ್ಲಿ ಹುಡುಗಿಯರ ತಂಡಗಳು ಎಷ್ಟೋ ಇವೆ, ಆದರೆ ಹಿಮ್ಮೇಳದಲ್ಲಿ ಹುಡುಗಿಯರು ಇನ್ನೂ ಕಡಿಮೆ. ಆ ಸಲಹೆಯನ್ನು ನಾನು ಜೋಪಾನ ಮಾಡಿ ಇಟ್ಟುಕೊಂಡೆ. ಪರಿಶಿಷ್ಟ ಜಾತಿಯ ಯುವಕರ ತಂಡಗಳಿಗೆ ವಾದ್ಯೋಪಕರಣ ಕೊಡುವ ಯೋಜನೆಯೂ ಸ್ಥಳೀಯ ಸಂಸ್ಥೆಗಳಲ್ಲಿ ಇರುತ್ತದೆ. ನಮ್ಮ ಪಕ್ಕದ ಕಾಲೊನಿಯ ಹುಡುಗರಿಗೆ ಅದರ ಅರ್ಜಿ ತುಂಬಲು ಆಮೇಲೆ ನೆರವಾದೆವು.

ವಿಕಸನ ಸೆಮಿನಾರ್, ಕೌನ್ಸಿಲ್ ಎರಡೂ ದಾಟಿ, ಕರಡು ಜಿಲ್ಲಾ ಯೋಜನಾ ಸಮಿತಿಗೆ ಹೋಯಿತು. ಜಿಲ್ಲಾ ಪಂಚಾಯತು ಅಧ್ಯಕ್ಷರು ಅದರ ಅಧ್ಯಕ್ಷರು, ಕಲೆಕ್ಟರ್ ಕಾರ್ಯದರ್ಶಿ. ನಮ್ಮದು ಬಹಳ ಸಣ್ಣ ಯೋಜನೆ, ಮಂಜೂರಾಯಿತು.

ಮಂಜೂರಾದರೆ ಹಣ ಬಂತು ಎಂದಲ್ಲ. ಪ್ರತಿಯೊಂದು ಯೋಜನೆಗೂ ಒಬ್ಬ ನಿರ್ವಹಣಾಧಿಕಾರಿ ಬೇಕು, ಬಿಲ್ಲಿಗೆ ಸಹಿ ಹಾಕುವವರು, ನಾಳೆ ಆಡಿಟ್‌ನಲ್ಲಿ ಉತ್ತರ ಹೇಳುವವರು. ಶಿಕ್ಷಣಕ್ಕೆ ಸಂಬಂಧಿಸಿದ ಯೋಜನೆಗಳಿಗೆ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನೇ ಈ ಕೆಲಸಕ್ಕೆ ಹಾಕುವುದು ರೂಢಿ. ನಮ್ಮ ಯೋಜನೆ ಬಂದದ್ದು ಒಬ್ಬ ಟೀಚರ್ ಹೆಗಲಿಗೆ. ಮಧ್ಯಾಹ್ನದ ಊಟ, ಕಟ್ಟಡ ರಿಪೇರಿ, ಪರೀಕ್ಷೆ, ಚುನಾವಣಾ ಡ್ಯೂಟಿ, ಎಲ್ಲದರ ಮೇಲೆ ಇದು. ಅವರು ಹಿಂಜರಿದದ್ದರಲ್ಲಿ ಆಶ್ಚರ್ಯವೇನಿದೆ? "ಗುರುಗಳ ಸಂಭಾವನೆಗೆ ಸರಕಾರಿ ದರ ಎಷ್ಟು? ಯಾವ ಆದೇಶದಲ್ಲಿದೆ?" ಎಂದು ಕೇಳಿದರು. ಮೇಸ್ತ್ರಿಯ ಕೂಲಿಗೆ ದರಪಟ್ಟಿ ಇದೆ, ಯಕ್ಷಗಾನ ಗುರುವಿಗೆ ನಮಗೆ ಸಿಕ್ಕಿದ ಯಾವ ಕಾಗದದಲ್ಲೂ ಇರಲಿಲ್ಲ. ಕೊನೆಗೆ, ಶಾಲೆಗೆ ಕರೆಸುವ ಅತಿಥಿ ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವ ಗೌರವಧನವನ್ನು ಆಧಾರವಾಗಿಟ್ಟು ಕೌನ್ಸಿಲ್‌ನಿಂದ ತೀರ್ಮಾನ ಮಾಡಿಸಿದ ಮೇಲೆ ಟೀಚರ್ ಒಪ್ಪಿದರು. ಒಪ್ಪಿದ ಮೇಲೆ ನಮಗಿಂತ ಹೆಚ್ಚು ಓಡಾಡಿದ್ದೂ ಅವರೇ.

ಈ ದರದ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಕಲಾವಿದನಿಗೆ ಕೊಡುವುದನ್ನು ಗೌರವಧನ ಎಂದು ಕರೆದು, ಮನಸ್ಸಿಗೆ ತೋಚಿದಷ್ಟು ಕೊಡುವ ಪದ್ಧತಿ ಹೋಗಬೇಕು. ಮೂವತ್ತು ನಲವತ್ತು ವರ್ಷ ಮೇಳದ ಜತೆ ತಿರುಗಾಟ ಮಾಡಿದವರಿಗೆ ಒಂದು ತರಗತಿಗೆ ಇಷ್ಟು ಎಂದು ಸ್ಪಷ್ಟವಾದ ದರ ಎಲ್ಲ ಸ್ಥಳೀಯ ಸಂಸ್ಥೆಗಳಲ್ಲೂ ಬರಬೇಕು. ಬಂದರೆ ನಿರ್ವಹಣಾಧಿಕಾರಿಗೂ ಆಡಿಟ್‌ನ ಭಯವಿಲ್ಲ, ಗುರುಗಳೂ ಯಾರ ಮುಖ ನೋಡಬೇಕಾಗಿಲ್ಲ.

ಗುರುಗಳ ಕಾಗದಪತ್ರ ಮಾಡಿಸಿದ್ದು ನೆನಪಿನಲ್ಲಿ ಉಳಿದಿದೆ. ಹಣ ನೇರ ಬ್ಯಾಂಕಿಗೆ ಹೋಗಬೇಕು, ಪ್ಯಾನ್ ಕಾರ್ಡ್ ಬೇಕು.

"ಅದು ನನಗೆಂತಕ್ಕೆ ಅಮ್ಮ? ನೀವು ಕೊಟ್ಟದ್ದನ್ನು ನಾನು ಎಂದಾದರೂ ಎಣಿಸಿದ್ದುಂಟಾ?" ಎಂದರು.

"ಎಣಿಸಿ ತೆಗೊಳ್ಳಬೇಕು ಗುರುಗಳೇ. ಇದು ನಮ್ಮ ಕವರ್ ಅಲ್ಲ, ನಿಮ್ಮ ವಿದ್ಯೆಗೆ ಸರಕಾರ ಕೊಡುವುದು" ಎಂದೆ.

ಸರಕಾರಿ ಅರ್ಜಿಗಳನ್ನು ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಬೆರಳಚ್ಚು ಕೊಡಲು ಕುಳಿತಾಗ ಯಂತ್ರ ಅವರ ಬೆರಳನ್ನು ಬೇಗ ಹಿಡಿಯಲಿಲ್ಲ. ದಶಕಗಳ ಕಾಲ ಚೆಂಡೆಯ ಕೋಲು ಹಿಡಿದು ಹೆಬ್ಬೆರಳಿನ ಒಳಮೈ, ತೋರುಬೆರಳಿನ ಬದಿ ಎರಡೂ ಕೊರಡಿನ ಹಾಗೆ ಗಟ್ಟಿಯಾಗಿತ್ತು. ಕೇಂದ್ರದ ಹುಡುಗಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇರೆ ಬೆರಳು ಇಡಿಸಿ, ತಾಳ್ಮೆಯಿಂದ ಮುಗಿಸಿಕೊಟ್ಟಳು. ಅರ್ಜಿಯಲ್ಲಿ ಉದ್ಯೋಗದ ಕಾಲಂ ಬಂದಾಗ ಕೂಲಿ ಎಂದು ಬರೆಯಲೇ ಎಂದು ಕೇಳಿದಳು. ಗುರುಗಳು ನನ್ನ ಮುಖ ನೋಡಿದರು. ಯಕ್ಷಗಾನ ಕಲಾವಿದ ಎಂದು ಬರೆಸಿದೆ.

ತರಗತಿ ಶುರುವಾದದ್ದು ಮಳೆಗಾಲ ಕಳೆದ ಮೇಲೆ. ಕನ್ನಡದ, ತುಳುವಿನ, ಮಲಯಾಳದ ಮಕ್ಕಳು ಬಂದರು. ಮುಸ್ಲಿಂ ಮನೆಯ ಇಬ್ಬರು ಅಕ್ಕ-ತಂಗಿಯರು ಸೇರಿದರು. ಪದ್ಯದ ಅರ್ಥ ತಿಳಿಯದ ಮಕ್ಕಳಿಗೆ ಗುರುಗಳು ಮೊದಲು ತುಳುವಿನಲ್ಲಿ ಕಥೆ ಹೇಳಿ, ಮಲಯಾಳದಲ್ಲಿ ಎರಡು ಮಾತು ಸೇರಿಸಿ, ಆಮೇಲೆ ಕನ್ನಡದ ಪದ ಹೇಳಿಕೊಡುತ್ತಿದ್ದರು. ಶಾಲೆಯಲ್ಲಿ ಕನ್ನಡ ಓದದ ಮಗುವೊಂದು ಪದ್ಯದ ದೆಸೆಯಿಂದ ಕನ್ನಡ ಅಕ್ಷರ ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ವೇದಿಕೆಗಳಲ್ಲಿ ಕೊರಗುವ ನಮ್ಮವರು ಈ ಕಡೆ ಒಮ್ಮೆ ನೋಡಬೇಕು.

ಲೆಕ್ಕದ ಕೆಲಸ ತರಗತಿಯ ಜತೆಗೇ ನಡೆಯಬೇಕು. ಪ್ರತಿ ತರಗತಿಗೂ ಹಾಜರಿ ಪುಸ್ತಕ, ಗುರುಗಳ ಸಹಿ, ಐದು ಸಾವಿರ ಮೀರಿದ ರಶೀದಿಗೆ ರೆವೆನ್ಯೂ ಸ್ಟ್ಯಾಂಪ್, ವೇಷಭೂಷಣ ಬಾಡಿಗೆಗೆ ಕೊಟೇಶನ್, ಫೋಟೊ. ಮಾರ್ಚ್ ತಿಂಗಳಲ್ಲಿ ಇಡೀ ರಾಜ್ಯದ ಬಿಲ್ಲುಗಳು ಟ್ರೆಶರಿಗೆ ನುಗ್ಗುತ್ತವೆ. ಆರ್ಥಿಕ ವರ್ಷ ಮುಗಿಯುವುದರೊಳಗೆ ಪಾಸಾಗದ್ದು ಸ್ಪಿಲ್ ಓವರ್ ಆಗಿ ಮುಂದಿನ ವರ್ಷದ ತಲೆಗೆ ಬೀಳುತ್ತದೆ. ಆದ್ದರಿಂದ ಪ್ರದರ್ಶನವನ್ನು ಜನವರಿಗೇ ಇಟ್ಟುಕೊಂಡು, ಬಿಲ್ಲನ್ನು ಫೆಬ್ರವರಿಯಲ್ಲಿ ಕೊಟ್ಟೆವು. ಈ ದಾರಿ ಹಿಡಿಯುವವರು ಯಾರೇ ಆಗಲಿ, ಮಾರ್ಚ್‌ಗೆ ಏನನ್ನೂ ಉಳಿಸಿಕೊಳ್ಳಬೇಡಿ.

ಶಾಲೆಯ ಅಂಗಳದಲ್ಲಿ ನಡೆದ ಆ ಪ್ರದರ್ಶನದಲ್ಲಿ ಮಕ್ಕಳು ಪೂರ್ವರಂಗ ಕುಣಿದು, ಚಿಕ್ಕದೊಂದು ಪ್ರಸಂಗ ಆಡಿದರು. ವಾರ್ಡ್ ಸಭೆಯಲ್ಲಿ ಪ್ರಶ್ನೆ ಎತ್ತಿದ್ದವರು ಮುಂದಿನ ಸಾಲಿನಲ್ಲಿ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಮುಂದಿನ ವರ್ಷ ಇವಳನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದರು.

ಬೇರೆ ಬಾಗಿಲುಗಳೂ ಇವೆ. ಕಣ್ಣೂರಿನ ಚಿರಕ್ಕಲ್‌ನಲ್ಲಿ ಕೇರಳ ಫೋಕ್‌ಲೋರ್ ಅಕಾಡೆಮಿ ಇದೆ, ತ್ರಿಶೂರಿನಲ್ಲಿ ಸಂಗೀತ ನಾಟಕ ಅಕಾಡೆಮಿ ಇದೆ. ಕೇರಳ ಸಂಸ್ಕೃತಿ ಇಲಾಖೆ ಸ್ಥಳೀಯ ಸಂಸ್ಥೆಗಳ ಜತೆ ಸೇರಿ ನಡೆಸುವ ವಜ್ರಜುಬಿಲಿ ಫೆಲೋಶಿಪ್‌ನಲ್ಲಿ ಯುವ ಕಲಾವಿದರು ಉಚಿತವಾಗಿ ಕಲಿಸುತ್ತಾರೆ. ಕರ್ನಾಟಕದ ಕಡೆಯಿಂದ, 2010ರ ಕಾಯ್ದೆಯಡಿ ಆದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಗಡಿ ಕನ್ನಡಿಗರ ಸಂಸ್ಥೆಗಳಿಗೂ ನೆರವು ಕೊಡುತ್ತದೆ. ಅಲ್ಲಿಗೆ ಹೋಗುವಾಗ ಸಂಘದ ನೋಂದಣಿ, ಲೆಕ್ಕಪರಿಶೋಧನೆಯ ವರದಿ ಸರಿಯಾಗಿರಬೇಕು. ಹಳೆಯ ಮದ್ರಾಸ್ ರಾಜ್ಯದ ಭಾಗವಾದ್ದರಿಂದ ನಮ್ಮಲ್ಲಿ ಸಂಘಗಳು ನೋಂದಣಿಯಾಗುವುದು 1860ರ ಕಾಯ್ದೆಯಡಿ, ಜಿಲ್ಲಾ ರಿಜಿಸ್ಟ್ರಾರರ ಕಚೇರಿಯಲ್ಲಿ. ವರ್ಷ ವರ್ಷ ಪಟ್ಟಿ ಸಲ್ಲಿಸದೆ ಬಿಟ್ಟ ಸಂಘಗಳು ಅದನ್ನು ಮೊದಲು ಸರಿಮಾಡಿಕೊಳ್ಳಲಿ. ಬೆಂಗಳೂರಿನ ನೆರವು ಉತ್ಸವಕ್ಕೆ, ಸಮ್ಮೇಳನಕ್ಕೆ ಒದಗುತ್ತದೆ, ಅದಕ್ಕೆ ಕೃತಜ್ಞತೆ ಇದೆ. ಆದರೆ ಪ್ರತಿ ಶನಿವಾರದ ತರಗತಿಯನ್ನು ನೋಡಿಕೊಳ್ಳಬೇಕಾದ್ದು ನಾವು ತೆರಿಗೆ ಕಟ್ಟುವ, ನಾವು ಮತ ಹಾಕುವ ನಗರಸಭೆ, ಪಂಚಾಯತುಗಳೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವಂತೆ ಗಡಿ ಬಿತ್ತೆಂಬ ನೋವು ಇಲ್ಲಿ ಇನ್ನೂ ಆರಿಲ್ಲ, ನನಗೂ ಆರಿಲ್ಲ. ಆ ನೋವಿನ ಕಾರಣಕ್ಕೆ ನಮ್ಮ ಊರಿನ ಹಣದಲ್ಲಿ ನಮ್ಮ ಮಕ್ಕಳಿಗಿರುವ ಪಾಲನ್ನು ಬಿಟ್ಟುಕೊಡಬೇಕಾಗಿಲ್ಲ.

ಈ ವರ್ಷದ ವಾರ್ಡ್ ಸಭೆಗೆ ಎರಡು ಬೇಡಿಕೆ ಸಿದ್ಧ ಮಾಡಿದ್ದೇವೆ. ಒಂದು, ನಾಟ್ಯ ತರಗತಿಯ ಮುಂದುವರಿಕೆ. ಎರಡನೆಯದು ಆ ಕ್ಲಾರ್ಕ್ ಹೇಳಿದ್ದು: ಮಹಿಳಾ ಘಟಕದಲ್ಲಿ ಹುಡುಗಿಯರಿಗೆ ಹಿಮ್ಮೇಳ. ಎರಡು ಚೆಂಡೆ, ಎರಡು ಮದ್ದಳೆ, ಚಕ್ರತಾಳ, ಒಂದು ಜಾಗಟೆ. ವಾದ್ಯಗಳು ಶಾಲೆಯ ಆಸ್ತಿಯಾಗಿಯೇ ಇರಬೇಕು, ಮದ್ದಳೆಯ ಚರ್ಮದ ಮುಚ್ಚಿಗೆ ಸರಿ ಮಾಡಿಸುವ ಖರ್ಚನ್ನೂ ಅಂದಾಜಿನಲ್ಲಿ ಸೇರಿಸಬೇಕು ಎಂದು ಟೀಚರ್ ಬರೆಸಿದ್ದಾರೆ. ಪದ ಹಾಡುವ ಭಾಗವತಿಕೆಗೆ ಹೆಸರು ಕೊಟ್ಟವರಲ್ಲಿ ಆ ಅಕ್ಕ-ತಂಗಿಯರಲ್ಲಿ ದೊಡ್ಡವಳೂ ಇದ್ದಾಳೆ. ಹೋದ ವರ್ಷದ ಯೋಜನೆಯ ಕರಡು ನನ್ನ ಹತ್ತಿರ ಕನ್ನಡದಲ್ಲೂ ಮಲಯಾಳದಲ್ಲೂ ಇದೆ. ಸುತ್ತಮುತ್ತಲಿನ ಪಂಚಾಯತುಗಳ ಸಂಘದವರು ಕೆಲವರು ಈಗಾಗಲೇ ಪ್ರತಿ ಮಾಡಿಸಿಕೊಂಡು ಹೋಗಿದ್ದಾರೆ. ಗ್ರಾಮಸಭೆಯ ದಿನ ಗೊತ್ತಾಗುವ ಮೊದಲೇ ಬಂದು ಕೇಳಿದರೆ ಇನ್ನೂ ಒಳ್ಳೆಯದು, ಜತೆಯಲ್ಲಿ ಕುಳಿತು ನಿಮ್ಮ ಊರಿನ ಮಕ್ಕಳ ಪಟ್ಟಿ, ಗುರುಗಳ ವಿವರ ತುಂಬಿ ಕೊಡುತ್ತೇನೆ.